ಕಲ್ಲನ್ನು ‘ತ್ರೀಡಿ’ ಮಾಡಿಸುವ ಮುಂಚೆ: ಯಾವ ಕೆಲಸಕ್ಕೆ ಯಾವ ದಾರಿ

“ಸಾರ್, ಇದನ್ನ ತ್ರೀಡಿ ಮಾಡಿಸಿಬಿಡೋಣ. ಎಷ್ಟಾಗತ್ತೆ?”

ಬೆಂಗಳೂರಿನ ಹೊಟ್ಟೆಯೊಳಗೆ ಸೇರಿಹೋದ ಒಂದು ಹಳೇ ಊರಿನ ದೇವಸ್ಥಾನದ ಹಿಂದೆ ನಿಂತಿದ್ದೆವು. ಎದುರಿಗೆ ಸೊಂಟದೆತ್ತರದ ವೀರಗಲ್ಲು. ಅದರ ಮೇಲೆ ಎರಡು ಮೂರು ಪದರ ಸುಣ್ಣ, ಅದರ ಮೇಲೊಂದು ಕೈ ಎನಾಮೆಲ್ ಪೇಂಟು. ಕಲ್ಲಿಗೆ ಒರಗಿಸಿ ಯಾರೋ ಸ್ಕೂಟರ್ ನಿಲ್ಲಿಸಿದ್ದರು. ಕೇಳಿದವರು ದೇವಸ್ಥಾನದ ಸಮಿತಿಯವರು. ಕಲ್ಲನ್ನು ಉಳಿಸಬೇಕು, ಹೊರಗಿನ ಜನ ಬಂದು ನೋಡಬೇಕು ಅನ್ನುವ ಆಸೆ ಅವರಿಗೆ ನಿಜವಾಗಿಯೂ ಇತ್ತು. ಆದರೆ ಆ ಪ್ರಶ್ನೆಗೆ ಅಲ್ಲೇ ರೇಟು ಹೇಳುವುದು ಹೇಗೆ? “ಮನೆ ಕಟ್ಟಿಸಬೇಕು, ಎಷ್ಟಾಗತ್ತೆ” ಅಂತ ಕೇಳಿದ ಹಾಗೆ ಅದು.

ನಾನು ಪುರಾತತ್ವ ಓದಿದವನಲ್ಲ. ವಾರವಿಡೀ ಕಂಪ್ಯೂಟರ್ ಮುಂದೆ ಕೂತು ಭಾನುವಾರ ಕಲ್ಲು ಹುಡುಕಿಕೊಂಡು ಹೋಗುವ ಬೆಂಗಳೂರಿನ ಎಷ್ಟೋ ಜನರಲ್ಲಿ ನಾನೂ ಒಬ್ಬ. ಈ ಪ್ರಶ್ನೆಯನ್ನು ಇತ್ತೀಚೆಗೆ ಜಾಸ್ತಿ ಕೇಳುತ್ತಿದ್ದೇನೆ: ದೇವಸ್ಥಾನದ ಟ್ರಸ್ಟಿನವರು, ಬಡಾವಣೆಯ ಸಂಘದವರು, ಮಕ್ಕಳಿಗೆ ತೋರಿಸಬೇಕು ಅನ್ನುವ ಮೇಷ್ಟ್ರು. ಅವರಿಗೆಲ್ಲ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪಿನ ಕತೆ

ಕೆಲವು ವರ್ಷಗಳ ಹಿಂದೆ, ಬೇರೊಂದು ಕಡೆ, ನಾವು ನಾಲ್ಕು ಜನ ಸೇರಿ ದುಡ್ಡು ಹಾಕಿ ಒಬ್ಬರಿಗೆ ಕೆಲಸ ಕೊಟ್ಟೆವು. ಅವರು ಒಂದು ಆ್ಯಪ್ ಮಾಡಿಕೊಟ್ಟರು. ಬೆರಳಿನಿಂದ ತಳ್ಳಿದರೆ ಕಲ್ಲು ಗಿರಗಿರ ತಿರುಗುತ್ತಿತ್ತು, ಹಿಂದೆ ವೀಣೆಯ ಸಂಗೀತ. ಉದ್ಘಾಟನೆ, ಶಾಲು, ಫೋಟೋ ಎಲ್ಲ ಆಯಿತು. ಎರಡು ವರ್ಷ ಆಗುವಷ್ಟರಲ್ಲಿ ಹೊಸ ಫೋನುಗಳಲ್ಲಿ ಆ್ಯಪ್ ತೆರೆಯುವುದೇ ನಿಂತಿತು. ಮೂಲ ಫೋಟೋಗಳನ್ನಾದರೂ ಕೊಡಿ ಅಂತ ಕೇಳಿದೆವು. “ಹಾರ್ಡ್ ಡಿಸ್ಕ್ ಹೋಯ್ತು” ಅಂದರು. ಅಷ್ಟರಲ್ಲಿ ರಸ್ತೆ ಕೆಲಸದವರು ಕಲ್ಲಿನ ಒಂದು ಮೂಲೆ ಮುರಿದಿದ್ದರು. ಆ ಮೂಲೆಯಲ್ಲಿದ್ದ ಎರಡು ಸಾಲು ಈಗ ಎಲ್ಲೂ ಇಲ್ಲ, ನಮ್ಮ ಫೋನಿನ ಮಸುಕು ಫೋಟೋ ಒಂದನ್ನು ಬಿಟ್ಟು.

ತಪ್ಪು ನಮ್ಮದೇ. ದಾಖಲೆ ಮಾಡುವುದು ಒಂದು ಕೆಲಸ, ತೋರಿಸುವುದು ಇನ್ನೊಂದು ಕೆಲಸ. ನಾವು ಎರಡನ್ನೂ ಒಂದೇ ಪೊಟ್ಟಣದಲ್ಲಿ ಕೊಂಡುಕೊಂಡೆವು. ತೋರಿಸುವ ಸಾಮಾನಿಗೆ ಆಯಸ್ಸು ಕಡಿಮೆ. 2020ರ ಕೊನೆಯಲ್ಲಿ ಫ್ಲ್ಯಾಶ್ ಅನ್ನುವ ಸಾಫ್ಟ್‌ವೇರ್ ನಿಂತುಹೋದಾಗ ಅದರಲ್ಲಿ ಮಾಡಿದ್ದ ಎಷ್ಟೋ ವರ್ಚುವಲ್ ಟೂರ್‌ಗಳು ರಾತ್ರೋರಾತ್ರಿ ಖಾಲಿ ಚೌಕಗಳಾದವು. ಶಾಲೆಗಳಲ್ಲಿ ರಟ್ಟಿನ ಕನ್ನಡಕ ಹಾಕಿಕೊಂಡು ಜಗತ್ತು ಸುತ್ತಿಸುತ್ತಿದ್ದ ಗೂಗಲ್ ಎಕ್ಸ್‌ಪೆಡಿಶನ್ಸ್, ತ್ರೀಡಿ ಮಾದರಿಗಳನ್ನು ಇಡುತ್ತಿದ್ದ ಗೂಗಲ್ ಪಾಲಿ, ಎರಡೂ 2021ರ ಜೂನ್ ತಿಂಗಳಲ್ಲಿ ಬಾಗಿಲು ಹಾಕಿದವು. ಅಷ್ಟು ದೊಡ್ಡವರದೇ ಹೀಗೆ. ನಮ್ಮ ಸಮಿತಿಯ ಆ್ಯಪ್ ಯಾವ ಲೆಕ್ಕ?

ಒಳ್ಳೆಯ ದಾಖಲೆ ಹಾಗಲ್ಲ. ಅಫ್ಘಾನಿಸ್ತಾನದ ಬಾಮಿಯಾನಿನ ಬುದ್ಧನ ವಿಗ್ರಹಗಳನ್ನು ತಾಲಿಬಾನ್ ಸ್ಫೋಟಿಸಿದ್ದು 2001ರಲ್ಲಿ. ಆಮೇಲೆ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ತಂಡ ದೊಡ್ಡ ಬುದ್ಧನ ಅಳತೆಬದ್ಧ ತ್ರೀಡಿ ಮಾದರಿ ಮಾಡಿತು. ಹೇಗೆ ಗೊತ್ತಾ? ಆಸ್ಟ್ರಿಯಾದ ರಾಬರ್ಟ್ ಕೋಸ್ಟ್ಕಾ ಅನ್ನುವವರು 1970ರಲ್ಲಿ ಅಳತೆಯ ಕ್ಯಾಮೆರಾದಲ್ಲಿ ತೆಗೆದಿಟ್ಟಿದ್ದ ಫೋಟೋಗಳಿಂದ. ಅವರು ಫೋಟೋ ತೆಗೆದಾಗ ಇಂಥ ಸಾಫ್ಟ್‌ವೇರ್ ಇರಲೇ ಇಲ್ಲ. ಫೋಟೋ ಸರಿಯಾಗಿ ತೆಗೆದಿದ್ದರು, ಜೋಪಾನವಾಗಿ ಇಟ್ಟಿದ್ದರು, ಅಷ್ಟೇ. ಮೂವತ್ತು ವರ್ಷದ ನಂತರ ಕಾಲಕ್ಕೆ ಬಂತು.

ಹಾಗಾಗಿ ನನ್ನ ಮಟ್ಟಿಗೆ ಲೆಕ್ಕ ಸುಲಭ. ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ಏಳು ದಾಖಲೆಗೆ, ಮೂರು ತೋರಿಸುವುದಕ್ಕೆ. ಸಾಮಾನ್ಯವಾಗಿ ಜನ ಇದನ್ನು ಉಲ್ಟಾ ಮಾಡುತ್ತಾರೆ.

ದಾಖಲೆಗೆ: ಸಾದಾ ಕ್ಯಾಮೆರಾ

ಇದರ ಹೆಸರು ಫೋಟೋಗ್ರಾಮೆಟ್ರಿ. ಹೆಸರು ಕೇಳಿ ಹೆದರಬೇಡಿ. ಬಸ್ಸಿನ ಕಿಟಕಿಯಿಂದ ನೋಡಿದರೆ ಹತ್ತಿರದ ಕರೆಂಟು ಕಂಬ ಸರ್ರನೆ ಓಡುತ್ತದೆ, ದೂರದ ಬೆಟ್ಟ ನಿಧಾನಕ್ಕೆ ಸರಿಯುತ್ತದೆ, ಅಲ್ವಾ? ಎಷ್ಟು ಸರಿಯಿತು ಅನ್ನುವುದರಿಂದ ಎಷ್ಟು ದೂರ ಅಂತ ಲೆಕ್ಕ ಹಾಕಬಹುದು. ಒಂದೇ ಕಲ್ಲನ್ನು ನೂರು ಜಾಗದಿಂದ ಫೋಟೋ ತೆಗೆದರೆ ಸಾಫ್ಟ್‌ವೇರ್ ಇದೇ ಲೆಕ್ಕ ಮಾಡಿ ಕಲ್ಲಿನ ಉಬ್ಬುತಗ್ಗು ಬಿಡಿಸುತ್ತದೆ.

ಬೆಂಗಳೂರಿನ ಬಹುಪಾಲು ಕಲ್ಲುಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಮದುವೆ ಫೋಟೋ ತೆಗೆಯುವವರ ಹತ್ತಿರ ಇರುವಂಥ ಕ್ಯಾಮೆರಾ ಸಾಕು. ಫೋನಿನ ಕ್ಯಾಮೆರಾದಲ್ಲೂ ಪರವಾಗಿಲ್ಲ ಅನ್ನುವಂಥದ್ದು ಸಿಗುತ್ತದೆ. ಒಂದು ವೀರಗಲ್ಲಿಗೆ ನೂರರಿಂದ ನೂರೈವತ್ತು ಫೋಟೋ, ಮುಕ್ಕಾಲು ಗಂಟೆಯ ಕೆಲಸ.

ಆದರೆ ಆ ಮುಕ್ಕಾಲು ಗಂಟೆಯಲ್ಲಿ ಶಿಸ್ತು ಬೇಕು. ಜೂಮ್ ಮುಟ್ಟಬಾರದು. ಒಂದು ಫೋಟೋದಲ್ಲಿ ಬಂದದ್ದರ ಮೂರರಲ್ಲಿ ಎರಡು ಪಾಲು ಮುಂದಿನ ಫೋಟೋದಲ್ಲೂ ಬರಬೇಕು. ಅಂದರೆ ಒಂದೊಂದು ಗೇಣು ಸರಿಯುತ್ತ ಹೋಗಬೇಕು. ಮೊದಲ ಸುತ್ತು ಎದೆಮಟ್ಟದಲ್ಲಿ, ಎರಡನೆಯದು ಕುಕ್ಕರುಗಾಲಲ್ಲಿ ಕೂತು, ಮೂರನೆಯದು ಕೈ ಎತ್ತಿ ಮೇಲಿಂದ. ಕಲ್ಲಿನ ಪಕ್ಕ ಒಂದು ಅಳತೆಪಟ್ಟಿ ಇಡಲೇಬೇಕು. ಅದಿಲ್ಲದಿದ್ದರೆ ಮಾದರಿ ಚೆನ್ನಾಗಿಯೇ ಬರುತ್ತದೆ, ಆದರೆ ಕಲ್ಲು ನಾಲ್ಕಡಿಯದೋ ನಲವತ್ತಡಿಯದೋ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ನಾನು ಮೊದಲ ಸಲ ಮರೆತು, ಎರಡನೇ ಸಲ ಹೋದಾಗ ಕಲ್ಲಿನ ಮುಂದೆ ಪೆಂಡಾಲ್ ಹಾಕಿದ್ದರು.

ಬೆಳಕಿನ ವಿಷಯದಲ್ಲಿ ನಮ್ಮ ಊರು ಪುಣ್ಯ ಮಾಡಿದೆ. ಈ ಕೆಲಸಕ್ಕೆ ಬಿಸಿಲು ಶತ್ರು, ಮೋಡ ಮಿತ್ರ. ಜುಲೈ, ಆಗಸ್ಟಿನ ಬೆಂಗಳೂರಿನ ಆಕಾಶ ಇದೆಯಲ್ಲ, ಬಟ್ಟೆ ಒಣಗದೆ ನಾವೆಲ್ಲ ಬೈದುಕೊಳ್ಳುವುದು, ಅದೇ ಅತ್ಯುತ್ತಮ. ನೆರಳೇ ಬೀಳದ ಸಮ ಬೆಳಕು. ಸ್ಟುಡಿಯೋದವರು ಅದಕ್ಕೆ ದುಡ್ಡು ಕೊಟ್ಟು ಛತ್ರಿ ಹಿಡಿಯುತ್ತಾರೆ.

ಇದರ ಸೋಲು ಎಲ್ಲಿ ಅಂದರೆ, ಹೊಳೆಯುವ ಕಲ್ಲಿನಲ್ಲಿ. ಎಣ್ಣೆ ಕುಡಿದು ಮಿರುಗುವ ಗರ್ಭಗುಡಿಯ ಬಾಗಿಲವಾಡ, ಹಳೇಬೀಡಿನ ಬಳಪದ ಕಲ್ಲಿನ ಕಂಬದ ಥರ ಕನ್ನಡಿಯಂತೆ ನಯ ಮಾಡಿದ್ದು, ಇವುಗಳಲ್ಲಿ ಹೊಳಪು ನೀವು ಸರಿದಂತೆಲ್ಲ ಜಾಗ ಬದಲಿಸುತ್ತದೆ. ಲೆಕ್ಕ ತಪ್ಪಿ ಕಂಬದ ಮೇಲೆ ಗುಳ್ಳೆ ಎದ್ದಂತೆ ಕಾಣುತ್ತದೆ. ನಮ್ಮ ಕಡೆಯ ಒರಟು ಕಗ್ಗಲ್ಲಿಗೆ ಈ ತೊಂದರೆ ಇಲ್ಲ.

ಸಾಫ್ಟ್‌ವೇರ್‌ಗೆ ಮೆಶ್‌ರೂಮ್ ಪೂರ್ತಿ ಉಚಿತ, ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಕೇಳುತ್ತದೆ. ಮೆಟಾಶೇಪ್‌ಗೆ ದುಡ್ಡು ಕೊಡಬೇಕು, ಕೆಲಸ ಅಚ್ಚುಕಟ್ಟು. ಯಾವುದಾದರೂ ಆಗಲಿ. ಮುಖ್ಯ ಫೋಟೋಗಳು, ಸಾಫ್ಟ್‌ವೇರ್ ಅಲ್ಲ.

ಕೈಯಲ್ಲಿ ಹಿಡಿಯುವ ಸ್ಕ್ಯಾನರ್

ಇಸ್ತ್ರಿ ಪೆಟ್ಟಿಗೆಯ ಗಾತ್ರದ ಯಂತ್ರ. ಕಲ್ಲಿನ ಮೇಲೆ ಬೆಳಕಿನ ಗೆರೆಗಳನ್ನೋ ಚುಕ್ಕೆಗಳನ್ನೋ ಚೆಲ್ಲಿ, ಅವು ಹೇಗೆ ಬಾಗಿದವು ಅನ್ನುವುದರಿಂದ ಆಕಾರ ಅಳೆಯುತ್ತದೆ. ಒಳ್ಳೆಯದಾದರೆ ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ಸೂಕ್ಷ್ಮ. ಸವೆದ ಅಕ್ಷರಕ್ಕೆ ಇದಕ್ಕಿಂತ ಬೇಕಿಲ್ಲ.

ನಮ್ಮಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಮಿಥಿಕ್ ಸೊಸೈಟಿ. ನೃಪತುಂಗ ರಸ್ತೆಯಲ್ಲಿರುವ, 1909ರಲ್ಲಿ ಶುರುವಾದ ಈ ಸಂಸ್ಥೆ 2021ರಿಂದ ಬೆಂಗಳೂರು ಸುತ್ತಿನ ಶಾಸನಗಳನ್ನು ಒಂದೊಂದಾಗಿ ಹುಡುಕಿ ತ್ರೀಡಿ ಸ್ಕ್ಯಾನ್ ಮಾಡುತ್ತ ಬಂದಿದೆ. ಆ ಸ್ಕ್ಯಾನ್‌ಗಳಿಂದ ಹಳಗಾಲದ ಅಕ್ಷರಗಳನ್ನು ಬಿಡಿಬಿಡಿಯಾಗಿ ತೆಗೆದು ‘ಅಕ್ಷರ ಭಂಡಾರ’ ಅಂತಲೂ ಕಟ್ಟಿದೆ. ಹಾಗಾಗಿ ನಿಮ್ಮ ಊರಿನ ಕಲ್ಲಿಗೆ ದುಡ್ಡು ಖರ್ಚು ಮಾಡುವ ಮುಂಚೆ, ಅದು ಈಗಾಗಲೇ ಸ್ಕ್ಯಾನ್ ಆಗಿದೆಯಾ ಅಂತ ಅಲ್ಲಿ ಕೇಳಿ. ಆಗಿದ್ದರೆ ಅರ್ಧ ಕೆಲಸ ಮುಗಿಯಿತು. ನಮ್ಮಲ್ಲಿ ಮಾಡಿದ್ದನ್ನೇ ಮತ್ತೆ ಮಾಡುವ ಚಾಳಿ ಜಾಸ್ತಿ.

ಯಂತ್ರ ದುಬಾರಿ, ಕೊಳ್ಳುವ ಮಾತಿಲ್ಲ, ಬಾಡಿಗೆಗೆ ಆಪರೇಟರ್ ಜೊತೆ ತರಿಸಬೇಕು. ಬಿಸಿಲಿನಲ್ಲಿ ಇದರ ಬೆಳಕು ಮಂಕಾಗುವುದರಿಂದ ಕಪ್ಪು ಬಟ್ಟೆ ಮರೆ ಕಟ್ಟಬೇಕು ಅಥವಾ ಸಂಜೆ ಮಾಡಬೇಕು. ಒಂದು ಕಲ್ಲಿಗೆ ಇದು ಜಾಸ್ತಿಯಾಯಿತು. ಒಂದು ಹೋಬಳಿಯ ಇಪ್ಪತ್ತು ಕಲ್ಲುಗಳನ್ನು ಎರಡು ದಿನದಲ್ಲಿ ಮುಗಿಸುವುದಾದರೆ ಸರಿ.

ಟ್ರೈಪಾಡ್ ಮೇಲಿನ ಲೇಸರ್

ಕಲ್ಲಿಗಲ್ಲ, ಕಟ್ಟಡಕ್ಕೆ. ಹಲಸೂರಿನ ಸೋಮೇಶ್ವರ ದೇವಸ್ಥಾನದಂಥ ಮಂಟಪ, ಚಾಮರಾಜಪೇಟೆ ಕಡೆಯ ಟಿಪ್ಪುವಿನ ಬೇಸಿಗೆ ಅರಮನೆಯಂಥ ಮರದ ಕಂಬಗಳ ಕಟ್ಟಡ, ಕಲ್ಯಾಣಿ, ಕೋಟೆಗೋಡೆ. ಯಂತ್ರ ಸುತ್ತಲೂ ತಿರುಗಿ ಕೋಟಿಗಟ್ಟಲೆ ಚುಕ್ಕೆ ಅಳೆಯುತ್ತದೆ. ಕಣ್ಣಿಗೆ ಕಂಡದ್ದನ್ನು ಮಾತ್ರ ಅಳೆಯುವುದರಿಂದ ಪ್ರತಿ ಕಂಬದ ಹಿಂದೆಯೂ ಇಟ್ಟು ತೆಗೆಯಬೇಕು. ಕೆಲವು ಮಿಲಿಮೀಟರಿನ ನಿಖರತೆ ಇರುವುದರಿಂದ ಕಟ್ಟಡ ಎತ್ತ ವಾಲಿದೆ, ಬಿರುಕು ಅಗಲವಾಯಿತಾ ಅನ್ನುವುದು ಎರಡು ವರ್ಷದ ಸ್ಕ್ಯಾನ್ ಹೋಲಿಸಿದರೆ ಗೊತ್ತಾಗುತ್ತದೆ.

ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚನ್ನು ಆ್ಯಂಡ್ರೂ ಟ್ಯಾಲನ್ ಅನ್ನುವ ಪ್ರಾಧ್ಯಾಪಕರು 2010ರಲ್ಲಿ ಹೀಗೆ ಸ್ಕ್ಯಾನ್ ಮಾಡಿದ್ದರು, ಸುಮ್ನೆ ಕಟ್ಟಡವನ್ನು ಅರ್ಥ ಮಾಡಿಕೊಳ್ಳೋಣ ಅಂತ. 2019ರ ಏಪ್ರಿಲ್‌ನಲ್ಲಿ ಬೆಂಕಿ ಬಿತ್ತು. ರಿಪೇರಿ ಮಾಡುವವರಿಗೆ ಆ ಅಳತೆಗಳು ಕೈಗೆ ಬಂದವು. ಆ ವೇಳೆಗೆ ಟ್ಯಾಲನ್ ತೀರಿಕೊಂಡಿದ್ದರು.

ಇದು ಲಕ್ಷಗಳ ಮಾತು. ಸಮಿತಿ ತನ್ನ ಹುಂಡಿಯಿಂದ ಮಾಡಿಸುವ ಕೆಲಸವಲ್ಲ. ಜೀರ್ಣೋದ್ಧಾರ ಶುರುವಾಗುವುದಿದ್ದರೆ ಮಾತ್ರ, ಅದರ ಅಂದಾಜಿನಲ್ಲೇ ಸೇರಿಸಿ ಅಂತ ಹಟ ಹಿಡಿಯಿರಿ. ಕಲ್ಲು ಬಿಚ್ಚುವ ಮುಂಚೆ ಮಾಡಿಸಬೇಕು, ಬಿಚ್ಚಿದ ಮೇಲಲ್ಲ.

ಐಫೋನ್ ಪ್ರೋಗಳಲ್ಲಿ 2020ರಿಂದ ಲೈಡಾರ್, ಅಂದರೆ ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ, ಇದೆಯಲ್ಲ, ಅದರಲ್ಲೇ ಆಗಲ್ವಾ ಅಂತ ಕೇಳುತ್ತಾರೆ. ಅದು ಐದು ಮೀಟರ್ ಒಳಗೆ ಕೋಣೆಯ ಆಕಾರ ಹಿಡಿಯುತ್ತದೆ. ಅಕ್ಷರ ಹಿಡಿಯುವುದಿಲ್ಲ. ಮಂಟಪದ ಅಂದಾಜು ನಕ್ಷೆ ಬೇಕಾದರೆ ಬಳಸಿ, ಶಾಸನಕ್ಕೆ ಬೇಡ.

ಆರ್‌ಟಿಐ, ಆದರೆ ಆ ಆರ್‌ಟಿಐ ಅಲ್ಲ

ಆರ್‌ಟಿಐ ಅಂದ ಕೂಡಲೇ ತಾಲ್ಲೂಕು ಆಫೀಸು ನೆನಪಾಗುತ್ತದೆ. ಇದು ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಎಲ್ಲಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವುದು.

ಶಾಸನ ಓದುವವರಿಗೆ ಹಳೇ ಉಪಾಯ ಒಂದು ಗೊತ್ತು. ಮಧ್ಯಾಹ್ನ ಕಲ್ಲು ಬೋಳಾಗಿ ಕಾಣುತ್ತದೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರದ ಅಂಚಿನಲ್ಲಿ ನೆರಳು ಕೂರುತ್ತದೆ, ಸಾಲು ಎದ್ದು ಬರುತ್ತದೆ. ಒಂದು ರಾತ್ರಿ ಎಂಟೂವರೆಗೆ ಕೆರೆ ಏರಿಯ ಕೆಳಗೆ ಒಂದು ಕಲ್ಲಿನ ಮುಂದೆ ಕೂತಿದ್ದೆವು. ಸೊಳ್ಳೆ, ಬೊಗಳುವ ನಾಯಿಗಳು, “ಏನ್ ಹುಡುಕ್ತಿದ್ದೀರಾ, ನಿಧಿನಾ?” ಅಂತ ಕೇಳಿ ಹೋದ ಇಬ್ಬರು. ಗೆಳೆಯ ಟಾರ್ಚನ್ನು ಕಲ್ಲಿಗೆ ತಾಗಿಸಿದಂತೆ ಎಡಪಕ್ಕದಲ್ಲಿ ಹಿಡಿದ. ಏನಿಲ್ಲ. ಸ್ವಲ್ಪ ಮೇಲೆತ್ತಿದ. ಕಗ್ಗಲ್ಲಿನ ಹರಳುಗಳ ನಡುವೆ ಒಂದು ಸೊಟ್ಟ ಗೆರೆ, ಅದರ ಪಕ್ಕ ಒಂದು ಕೊಂಡಿ. ಇನ್ನಷ್ಟು ಮೇಲೆ. ‘ಸ್ವಸ್ತಿ’ ಅಂತ ಮೂಡಿತು. ಟಾರ್ಚ್ ಎರಡು ಇಂಚು ಸರಿಸಿದರೆ ಮತ್ತೆ ಮಾಯ.

ಆರ್‌ಟಿಐ ಮಾಡುವುದು ಇದನ್ನೇ. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲುಗಾಡದೆ ಇರಬೇಕು. ಪಕ್ಕದಲ್ಲಿ ಹೊಳೆಯುವ ಕಪ್ಪು ಗೋಲಿ ಒಂದೆರಡು. ಫ್ಲ್ಯಾಶಿಗೆ ದಾರ ಕಟ್ಟಿಕೊಂಡು, ಕಲ್ಲಿನಿಂದ ಅಷ್ಟೇ ದೂರದಲ್ಲಿ, ಕೊಡೆಯ ಒಳಮೈಯಲ್ಲಿ ಓಡಾಡಿದ ಹಾಗೆ ಬೆಳಕಿನ ಜಾಗ ಬದಲಿಸುತ್ತ ನಲವತ್ತರಿಂದ ಅರವತ್ತು ಫೋಟೋ. ಗೋಲಿಯ ಮೇಲಿನ ಹೊಳಪಿನ ಚುಕ್ಕೆಯಿಂದ ಬೆಳಕು ಎಲ್ಲಿತ್ತು ಅಂತ ಸಾಫ್ಟ್‌ವೇರ್ ತಿಳಿದುಕೊಳ್ಳುತ್ತದೆ. ಆಮೇಲೆ ಮನೆಯಲ್ಲಿ ಕೂತು ಮೌಸ್ ಸರಿಸಿದರೆ ಬೆಳಕು ಸರಿಯುತ್ತದೆ. ಮೈಸೂರಿನಲ್ಲೋ ಧಾರವಾಡದಲ್ಲೋ ಇರುವ ಶಾಸನತಜ್ಞರು ನಿಮ್ಮ ಕಲ್ಲಿನ ಮೇಲೆ ತಮಗೆ ಬೇಕಾದ ಕಡೆಯಿಂದ ಟಾರ್ಚ್ ಹಿಡಿದು ಓದಬಹುದು. ಸಾಫ್ಟ್‌ವೇರ್ ಉಚಿತ. ಬೇರೆ ದುಬಾರಿ ಯಂತ್ರ ಯಾವುದೂ ಬೇಡ. ಇದರಲ್ಲಿ ಸಿಗುವುದು ಒಂದು ಮುಖದ ಚಿತ್ರ ಮಾತ್ರ, ಸುತ್ತಲಿನ ಆಕಾರ ಸಿಗದು. ಅದಕ್ಕೇ ಫೋಟೋಗ್ರಾಮೆಟ್ರಿಯ ಜೊತೆ ಮಾಡಬೇಕು.

ಒಂದು ವಿನಂತಿ. ಓದಲು ಸುಲಭ ಅಂತ ಕಲ್ಲಿಗೆ ಮೈದಾ ಬಳಿಯುವುದು, ಅಕ್ಷರದೊಳಗೆ ಬಣ್ಣ ತುಂಬುವುದು, ಸುಣ್ಣ ತೆಗೆಯಲು ತಂತಿ ಬ್ರಷ್ ಇಲ್ಲವೇ ಆ್ಯಸಿಡ್ ಹಾಕುವುದು ಬೇಡ. ಸುಣ್ಣ ತೆಗೆಯುವುದು ತಿಳಿದವರ ಕೆಲಸ.

ಹಳೆಯ ಪಡಿಯಚ್ಚನ್ನೂ ಮರೆಯಬೇಡಿ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಕುಟ್ಟಿ, ಮೇಲೆ ಶಾಯಿಯ ಗಂಟು ಒತ್ತಿ ತೆಗೆಯುವುದು. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟ ಬಂದಿದ್ದು 1905ರಲ್ಲಿ. ಅದರಲ್ಲಿರುವ ಎಷ್ಟೋ ಕಲ್ಲುಗಳು ಇವತ್ತು ಜಾಗದಲ್ಲಿಲ್ಲ. ಪಾಠ ಮಾತ್ರ ಉಳಿದಿದೆ, ಯಾಕೆಂದರೆ ಯಾರೋ ಕಾಗದದ ಮೇಲೆ ಇಳಿಸಿಕೊಂಡಿದ್ದರು. ಕರೆಂಟು, ಪಾಸ್‌ವರ್ಡ್ ಯಾವುದೂ ಬೇಡದ ದಾಖಲೆ.

ಈಗ ತೋರಿಸುವ ವಿಷಯ

ಪ್ರವಾಸಿಗರಿಗಾಗಿ ಅಂದಾಗ ಎಲ್ಲರ ಬಾಯಲ್ಲೂ ಮೊದಲು ಬರುವುದು ವಿಆರ್ ಕನ್ನಡಕ, ಹಾಕಿಕೊಂಡರೆ ಆ ಜಾಗದೊಳಗೇ ನಿಂತಂತೆ ಕಾಣಿಸುವುದು. ಸ್ವಲ್ಪ ನಿಲ್ಲಿ. ಪುರಾತನ ಚಿತ್ರಗಳಿರುವ ಫ್ರಾನ್ಸಿನ ಲಾಸ್ಕೋ ಗುಹೆಗೆ ಜನ ಬಂದು ಬಂದು, ಅವರ ಉಸಿರಿಗೇ ಚಿತ್ರಗಳು ಹಾಳಾಗತೊಡಗಿ, 1963ರಲ್ಲಿ ಮುಚ್ಚಬೇಕಾಯಿತು. ಆಮೇಲೆ 1983ರಲ್ಲಿ ಪಕ್ಕದಲ್ಲೇ ನಕಲು ಗುಹೆ ಮಾಡಿ ತೆರೆದರು. ಅಲ್ಲಿ ನಕಲು ಬೇಕಿತ್ತು. ಬೆಂಗಳೂರಿನ ಕಲ್ಲುಗಳ ಕಷ್ಟ ಜನ ಜಾಸ್ತಿಯಾಗಿದ್ದಲ್ಲ, ಯಾರೂ ಬಾರದೇ ಇರುವುದು. ಮನೆಯಲ್ಲಿ ಕೂತೇ ನೋಡಿ ಮುಗಿಸುವ ವ್ಯವಸ್ಥೆ ನಮಗೆ ಯಾಕೆ? ಕಲ್ಲಿನ ಹತ್ತಿರಕ್ಕೆ ಕರೆತರುವಂಥದ್ದು ಬೇಕು.

ಆ ಲೆಕ್ಕದಲ್ಲಿ ನೋಡಿದರೆ ವಿಆರ್ ಕೊನೆಗೆ ಬರುತ್ತದೆ. ಕನ್ನಡಕ ಚಾರ್ಜ್ ಮಾಡಬೇಕು, ಒರೆಸಬೇಕು, ಕಾಯಲು ಒಬ್ಬರಿಗೆ ಸಂಬಳ ಕೊಡಬೇಕು. ಮ್ಯೂಸಿಯಂಗೆ ಸರಿ. ಹಂಪಿಯಂಥ ಕಡೆ, ಬಿದ್ದುಹೋದ ಬಜಾರು ಹೇಗಿತ್ತು ಅಂತ ಕಟ್ಟಿ ತೋರಿಸುವುದಕ್ಕೆ ಅರ್ಥವಿದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಂಪಿಯನ್ನೇ ಇಟ್ಟುಕೊಂಡು ಡಿಜಿಟಲ್ ಪರಂಪರೆಯ ಯೋಜನೆ ಮಾಡಿದ್ದೂ ಅದಕ್ಕೇ. ಅಲ್ಲಿ ಕಾಣೆಯಾಗಿರುವುದು ದೊಡ್ಡದು.

360 ಡಿಗ್ರಿ ಫೋಟೋ ಅಗ್ಗ ಮತ್ತು ಬೇಗ. ದೇವಸ್ಥಾನದ ಅಂಗಳ, ಕಲ್ಯಾಣಿ, ಹತ್ತಲಾಗದ ಬೆಟ್ಟದ ಮೇಲಿನ ಗುಡಿ ಇಂಥವಕ್ಕೆ ಚೆನ್ನ. ಮೊಣಕಾಲು ನೋವಿನವರು, ಗಾಲಿಕುರ್ಚಿಯವರು ಹೋಗುವ ಮುಂಚೆಯೇ ಮೆಟ್ಟಿಲು ಎಷ್ಟಿದೆ ನೋಡಿಕೊಳ್ಳಬಹುದು. ಈ ಉಪಯೋಗವನ್ನು ಯಾರೂ ಜಾಹೀರಾತಿನಲ್ಲಿ ಹೇಳುವುದಿಲ್ಲ, ನನ್ನ ಅಮ್ಮನಿಗೆ ಅದೇ ಮುಖ್ಯವಾಗಿತ್ತು. ಅಳತೆಗೆ, ಅಕ್ಷರಕ್ಕೆ ಇದು ಪ್ರಯೋಜನವಿಲ್ಲ.

2023ರಿಂದ ಗಾಸಿಯನ್ ಸ್ಪ್ಲಾಟ್ ಅಂತ ಹೊಸದೊಂದು ಬಂದಿದೆ. ಫೋಟೋಗಳಿಂದಲೇ ಮಾಡುವುದು. ಅರಳಿ ಕಟ್ಟೆ, ಎಲೆ, ನೀರು ಎಲ್ಲ ನಿಜದಂತೆ ಕಾಣುತ್ತದೆ. ನೋಡಲು ಬಹಳ ಚೆಂದ. ಅಳತೆಗೆ ನೆಚ್ಚಬೇಡಿ. ಇದೇ ದಾಖಲೆ ಅಂತ ಯಾರಾದರೂ ಮಾರಲು ಬಂದರೆ ನಕ್ಕು ಕಳಿಸಿ.

ನನ್ನ ಓಟು ಕ್ಯೂಆರ್ ಹಲಗೆಗೆ ಮತ್ತು ಧ್ವನಿಗೆ. ಕಲ್ಲಿನ ಪಕ್ಕ ಒಂದು ಹಲಗೆ, ಅದರಲ್ಲಿ ಶಾಸನದ ಪಾಠ, ಇವತ್ತಿನ ಕನ್ನಡದಲ್ಲಿ ಅದರ ಅರ್ಥ, ಒಂದು ಕ್ಯೂಆರ್. ಸ್ಕ್ಯಾನ್ ಮಾಡಿದರೆ ಒಂದೂವರೆ ನಿಮಿಷದ ಕನ್ನಡ ಆಡಿಯೋ. ಅಷ್ಟು ಧ್ವನಿ ಒಂದು ಎಂಬಿಗೂ ಕಡಿಮೆ, ಸಿಗ್ನಲ್ ಒಂದೇ ಕಡ್ಡಿ ಇದ್ದರೂ ಬರುತ್ತದೆ. ಕೆಳಗೆ ತ್ರೀಡಿ ಮಾದರಿ, ಬೇಕಾದವರಿಗೆ. ಮೂಲ ಮಾದರಿ ಜಿಬಿ ಲೆಕ್ಕದಲ್ಲಿ ಇರುತ್ತದೆ, ಇಲ್ಲಿ ಹಾಕುವುದನ್ನು ಹದಿನೈದು ಎಂಬಿಯೊಳಗೆ ಇಳಿಸಿ.

ಇದರಲ್ಲೂ ಒಂದು ಪಾಠ ಕಲಿತೆ. ಮೊದಲ ಹಲಗೆ ಹಾಕಿದ ವಾರ, ಹೂವಿನ ಅಂಗಡಿಯ ಅಕ್ಕ ಕೇಳಿದರು: “ಅಣ್ಣಾ, ಎಷ್ಟು ಹಾಕ್ಬೇಕು ಇದಕ್ಕೆ?” ದೇವಸ್ಥಾನದ ಪಕ್ಕ ಕ್ಯೂಆರ್ ಅಂದರೆ ಹುಂಡಿ ಅಂತಲೇ ಅರ್ಥ! ಕಲ್ಲಿನ ಮುಂದೆ ನಿಂತು ಹನ್ನೊಂದು ರೂಪಾಯಿ ಕಳಿಸಲು ಒದ್ದಾಡಿದವರೂ ಇದ್ದಾರಂತೆ. ಈಗ ದಪ್ಪ ಅಕ್ಷರದಲ್ಲಿ ಬರೆಸುತ್ತೇವೆ: ‘ಇದು ದುಡ್ಡು ಹಾಕಲು ಅಲ್ಲ, ಕಲ್ಲಿನ ಕತೆ ಕೇಳಲು’. ತಿಂಗಳಿಗೊಮ್ಮೆ ಯಾರಾದರೂ ಹೋಗಿ, ಮೇಲೆ ಬೇರೆ ಸ್ಟಿಕರ್ ಅಂಟಿಸಿಲ್ಲ ತಾನೇ ಅಂತ ನೋಡಬೇಕು.

ಫ್ಲೆಕ್ಸ್ ಬೇಡ, ಬಿಸಿಲಿಗೆ ಬಿಳುಚುತ್ತದೆ. ಸ್ಟೀಲ್ ತಗಡಿನ ಮೇಲೆ ಕೆತ್ತಿಸಿ. ಕ್ಯೂಆರ್ ಮಾಡುವಾಗ ಹಾಳಾದದ್ದನ್ನು ಸರಿಪಡಿಸಿಕೊಳ್ಳುವ ಆಯ್ಕೆಯಲ್ಲಿ ‘ಎಚ್’ ಮಟ್ಟ ಆರಿಸಿದರೆ ಸುಮಾರು ಶೇಕಡಾ 30ರಷ್ಟು ಕೆರೆದುಹೋದರೂ ಓದುತ್ತದೆ. ಮುಖ್ಯವಾಗಿ ಅದು ನಿಮ್ಮದೇ ವೆಬ್ ವಿಳಾಸಕ್ಕೆ ಹೋಗಬೇಕು, ಉಚಿತ ಕ್ಯೂಆರ್ ಕಂಪನಿಯ ವಿಳಾಸದ ಮೂಲಕ ಅಲ್ಲ. ಅಂಥವು ಒಂದು ದಿನ ‘ಚಂದಾ ಕಟ್ಟಿ’ ಅನ್ನುತ್ತವೆ. ಹಲಗೆಯನ್ನು ಕಲ್ಲಿಗೆ ಮೊಳೆ ಹೊಡೆಯಬಾರದು ಅಂತ ಹೇಳಬೇಕಾಗಿಲ್ಲ. ಆದರೂ ಹೇಳುತ್ತಿದ್ದೇನೆ, ಕಣ್ಣಾರೆ ನೋಡಿದ್ದೇನೆ.

ಆಡಿಯೋದಲ್ಲಿ ಏನಿರಬೇಕು? ಬೇಗೂರಿನ ಕಲ್ಲನ್ನು ನೋಡಿ. ಸುಮಾರು 890ರ ಕಾಲದ್ದು, ಬೆಂಗಳೂರಿನಲ್ಲಿ ನಡೆದ ಕಾಳಗದ ಮಾತು ಅದರಲ್ಲಿದೆ. ಬೆಂದ ಕಾಳಿನ ಕತೆ ಹೇಳಿಕೊಂಡು ಬೆಳೆದ ನಮಗೆ, ಊರಿನ ಹೆಸರು ಅದಕ್ಕಿಂತ ಎಷ್ಟೋ ಹಳೆಯದು ಅಂತ ಆ ಒಂದು ಸಾಲು ತೋರಿಸುತ್ತದೆ. ಹೆಬ್ಬಾಳದ ಕಿತ್ತಯ್ಯನ ಕಲ್ಲು 2018ರಲ್ಲಿ ಬೆಳಕಿಗೆ ಬಂತು. ಅದು ಸುಮಾರು 750ರದ್ದು, ಗಂಗರ ದೊರೆ ಶ್ರೀಪುರುಷನ ಕಾಲ. ಒಬ್ಬ ಮನುಷ್ಯನ ಹೆಸರು, ಅವನು ಸತ್ತ ಜಗಳ, ನೀವು ನಿಂತಿರುವ ಇದೇ ಜಾಗ. ಇದಕ್ಕೆ ವೀಣೆ ಸಂಗೀತ ಬೇಕಾ? ಊರಿನ ಹಿರಿಯರೊಬ್ಬರ ಧ್ವನಿಯಲ್ಲೇ ಓದಿಸಿ. ಅವರು ಆ ಕಲ್ಲನ್ನು ಏನಂತ ಕರೆಯುತ್ತಿದ್ದರು, ಯಾವ ಹಬ್ಬಕ್ಕೆ ಪೂಜೆ ಮಾಡುತ್ತಿದ್ದರು ಅನ್ನುವುದನ್ನೂ ರೆಕಾರ್ಡ್ ಮಾಡಿಕೊಳ್ಳಿ. ಅದನ್ನು ಯಾವ ಸ್ಕ್ಯಾನರೂ ಹಿಡಿಯದು.

ಅನುಮತಿ, ಡ್ರೋನ್, ಜಾಗದ ಗುಟ್ಟು

ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ಸ್ಮಾರಕವಾದರೆ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು. ರಾಜ್ಯದ ಪುರಾತತ್ವ ಇಲಾಖೆಯದ್ದಾದರೆ ಅವರದು, ಮುಜರಾಯಿ ದೇವಸ್ಥಾನವಾದರೆ ಅವರದು. ಯಾರದ್ದೂ ಅಲ್ಲದಿದ್ದರೆ ಊರಿನವರದು. ಅರ್ಚಕರನ್ನು ಕೇಳದೆ ಕ್ಯಾಮೆರಾ ಹೊರತೆಗೆಯಬೇಡಿ. ಡ್ರೋನ್ ಆಸೆ ಇದ್ದರೆ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆದು ನೋಡಿ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿಯ ವಿಮಾನ ನಿಲ್ದಾಣಗಳೆಲ್ಲ ಸೇರಿ ಬೆಂಗಳೂರಿನ ಆಕಾಶದಲ್ಲಿ ಸುಮ್ನೆ ಹಾರಿಸಲು ಜಾಗ ಕಡಿಮೆ.

ಕಾವಲಿಲ್ಲದ ಕಲ್ಲಿನ ಜಿಪಿಎಸ್ ಜಾಗವನ್ನು ಎಲ್ಲರಿಗೂ ಕಾಣುವಂತೆ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಶಾಸನದ ಕೆಳಗೆ ನಿಧಿ ಇದೆ ಅಂತ ಅಗೆಯುವವರು ಇವತ್ತೂ ಇದ್ದಾರೆ. ಅಂಥ ಕಲ್ಲಿನ ನಿಖರ ಜಾಗ ದಾಖಲೆಯಲ್ಲಿರಲಿ, ಮ್ಯಾಪಿನಲ್ಲಿ ಊರಿನ ಹೆಸರು ಸಾಕು. ಮೊದಲು ಒಂದು ಕಟ್ಟೆ, ಒಂದು ದೀಪ, ಆಮೇಲೆ ಮ್ಯಾಪು.

ಕೊನೆಗೆ ನಾವು ಮಾಡಿದ್ದು

ಆ ಸ್ಕೂಟರ್ ಒರಗಿಸಿದ್ದ ಕಲ್ಲಿಗೆ ಹೀಗೆ ಮಾಡಿದೆವು. ಸುಣ್ಣ ಬಿಡಿಸಲು ತಿಳಿದವರನ್ನು ಕರೆಸಿದೆವು. ಆಗಸ್ಟಿನ ಒಂದು ಮೋಡದ ಬೆಳಗ್ಗೆ ನೂರಾ ನಲವತ್ತು ಫೋಟೋ, ಅದೇ ದಿನ ಸಂಜೆ ಕತ್ತಲಾದ ಮೇಲೆ ಆರ್‌ಟಿಐಗೆ ಐವತ್ತು. ಕ್ಯಾಮೆರಾದ ಮೂಲ ‘ರಾ’ ಫೈಲ್‌ಗಳೇ ಒಟ್ಟು ಐದು ಜಿಬಿಯ ಹತ್ತಿರ. ಮೂರು ಪ್ರತಿ: ಸಮಿತಿಯ ಬೀರುವಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ನನ್ನ ಮನೆಯಲ್ಲಿ ಒಂದು, ಇಂಟರ್‌ನೆಟ್ ಆರ್ಕೈವ್‌ನಲ್ಲಿ ಒಂದು. ಆಯ್ದ ಫೋಟೋಗಳು ವಿಕಿಮೀಡಿಯ ಕಾಮನ್ಸ್‌ನಲ್ಲಿ, ಯಾರು ಬೇಕಾದರೂ ಬಳಸುವ ಹಾಗೆ. ಸ್ಟೀಲ್ ಹಲಗೆ ಒಂದು. ಆ್ಯಪ್ ಇಲ್ಲ, ಕನ್ನಡಕ ಇಲ್ಲ. ಸಮಿತಿಯ ಇಬ್ಬರಿಗೆ ಇನ್ನೂ ಬೇಸರವಿದೆ, ಉದ್ಘಾಟನೆಯಲ್ಲಿ ಗಿರಗಿರ ತಿರುಗುವುದು ಏನೂ ಇರಲಿಲ್ಲ ಅಂತ.

ನೀವು ಹೊರಗಿನವರಿಗೆ ಕೆಲಸ ಕೊಡುವುದಾದರೆ ಮುಂಗಡ ಕೊಡುವ ಮುಂಚೆ ಬರೆಸಿಕೊಳ್ಳಿ: ಮೂಲ ಫೋಟೋ ಅಥವಾ ಸ್ಕ್ಯಾನ್ ಎಲ್ಲವೂ, ಒಂದೂ ಬಿಡದೆ, ನಮಗೆ ಕೊಡಬೇಕು. ಮಾದರಿಯನ್ನು ಯಾವ ಸಾಫ್ಟ್‌ವೇರ್‌ನಲ್ಲೂ ತೆರೆಯುವ ಒಬಿಜೆ ಅಥವಾ ಪಿಎಲ್‌ವೈ ರೂಪದಲ್ಲಿ ಕೊಡಬೇಕು, ಲೇಸರ್ ಆದರೆ ಇ57ರಲ್ಲಿ. ಅಳತೆಪಟ್ಟಿ ಇಟ್ಟಿರಬೇಕು. ಹಕ್ಕು ಸಮಿತಿಯದ್ದು. ಕೊನೆಯ ಕಂತು, ಹಾರ್ಡ್ ಡಿಸ್ಕನ್ನು ನಿಮ್ಮ ಕಂಪ್ಯೂಟರಿಗೆ ಚುಚ್ಚಿ, ಫೈಲುಗಳು ತೆರೆಯುವುದನ್ನು ನೋಡಿದ ಮೇಲೆ. “ಮೂಲ ಫೈಲ್ ಕೊಡೋದು ನಮ್ಮ ಪಾಲಿಸಿ ಅಲ್ಲ ಸಾರ್” ಅಂದರೆ, ಕಾಫಿ ಕೊಟ್ಟು ಕಳಿಸಿ, ಬೇರೆಯವರನ್ನು ಕರೆಸಿ.